ಕತ್ತರಿ ಹಿಡಿಯುವ ಕೈ

ಡೈರಿಯಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ. ಈ ಆಸ್ಪತ್ರೆಗೆ ಸೇರಿ ಇಪ್ಪತ್ತಾರು ದಿನವಾಯಿತು. ‘ನೀವು ಸ್ವಲ್ಪ ಹೊರಗೆ ಕೂತಿರಿ’ ಎಂಬ ನಾಲ್ಕೇ ನಾಲ್ಕು ಪದಗಳನ್ನು ರೋಗಿಯ ಜೊತೆ ಬಂದ ಒಬ್ಬರಿಗೂ ಹೇಳಲು ನನ್ನಿಂದ ಆಗಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿದ್ದೇನೆ. ಸ್ನಾನದ ಕೋಣೆಯಲ್ಲಿ ಜೋರಾಗಿಯೇ ಹೇಳಿ, ‘ಯಾರನ್ನೇ ಹೊರಗೆ ಕಳಿಸ್ತಿದ್ದೀಯ?’ ಎಂದು ಅಮ್ಮನ ಕೈಲಿ ಕೇಳಿಸಿಕೊಂಡಿದ್ದೇನೆ. ಮೇಜಿನ ಆಚೆ ಯಾರಾದರೂ ಬಂದು ಕುಳಿತರೆ ಪೆನ್ನು ಹುಡುಕತೊಡಗುತ್ತೇನೆ.

ನನ್ನ ಕೆಲಸ ದೊಡ್ಡದೇನಲ್ಲ. ಕ್ಯಾನ್ಸರ್ ಎಂದು ಹೊಸದಾಗಿ ಗೊತ್ತಾದವರು ಡಾಕ್ಟರ ಕೋಣೆಯಿಂದ ನೇರ ನನ್ನ ಮೇಜಿಗೆ ಬರುತ್ತಾರೆ. ಒಂದು ಹಾಳೆ ಕೊಡುತ್ತೇನೆ. ಅದರಲ್ಲೊಂದು ಥರ್ಮಾಮೀಟರಿನ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಗೀಟುಗಳು. ಕಳೆದ ಒಂದು ವಾರದಲ್ಲಿ ಮನಸ್ಸಿಗೆ ಎಷ್ಟು ಸಂಕಟವಾಗಿದೆ ಎಂದು ಅವರು ಹೇಳಬೇಕು, ನಾನು ಗುರುತು ಹಾಕಬೇಕು. ನಾಲ್ಕು ಮುಟ್ಟಿದರೆ ನಮ್ಮ ವಿಭಾಗದ ಆಪ್ತಸಮಾಲೋಚಕಿ ಮೇಡಂ ಅದೇ ದಿನ ಅವರನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಯಾರ ಸಹಾಯ ಬೇಕೋ ಅವರ ಹತ್ತಿರ ಕರೆದೊಯ್ಯುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಹಾಳೆ ಫೈಲಿಗೆ ಹೋಗುತ್ತದೆ, ಮನುಷ್ಯರು ಮನೆಗೆ ಹೋಗುತ್ತಾರೆ.

ಇದನ್ನು ಒಬ್ಬರೇ ಇದ್ದಾಗ ಕೇಳಬೇಕು ಎಂಬುದು ನಿಯಮ. ಹೆಂಡತಿ ಪಕ್ಕದಲ್ಲೇ ಕೂತು ಮುಖ ನೋಡುತ್ತಿರುವಾಗ ಯಾವ ಗಂಡಸು ‘ಎಂಟು’ ಎಂದಾನು? ನನ್ನ ಹಾಳೆಗಳಲ್ಲಿ ಬರೀ ಸೊನ್ನೆ, ಒಂದು, ಎರಡು.

“ಏನೇ ಪಿಸುಪಿಸು,” ಎಂದರು ಮೇಡಂ ಮೊನ್ನೆ. ನನ್ನ ದನಿಗೆ ಅವರಿಟ್ಟ ಹೆಸರು ಅದು. “ನಿನ್ನ ಪೇಷಂಟುಗಳೆಲ್ಲ ಪಿಕ್ನಿಕ್ಕಿಗೆ ಬಂದ ಹಾಗಿದ್ದಾರಲ್ಲ! ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕ್ಬೇಡ ತಾಯಿ.”

ನಕ್ಕೆ. ಒಬ್ಬರನ್ನೂ ಹೊರಗೆ ಕಳಿಸಿಲ್ಲವೆಂದು ಹೇಳದೆ ಹಾಳೆಗಳನ್ನು ಫೈಲಿಗೆ ಸೇರಿಸಿದೆ.

ಈ ದಿನ ಬೆಳಿಗ್ಗೆ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕನಿಗೆ ಐವತ್ತೆಂಟು, ತಂಗಿಗೆ ಐವತ್ತು. ಇಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತಾರೆ. ಬಟ್ಟೆ ಕತ್ತರಿಸುವುದು ಅಕ್ಕ, ಮಿಷನ್ ತುಳಿಯುವುದು ತಂಗಿ. ಅಕ್ಕನ ಬಲ ಸ್ತನದಲ್ಲಿ ಗಡ್ಡೆ, ಕಂಕುಳಿಗೂ ಹಬ್ಬಿದೆ. ಎರಡು ವಾರದೊಳಗೆ ಆಪರೇಷನ್ ಆಗಬೇಕು, ತಡಮಾಡುವ ಹಾಗಿಲ್ಲ ಎಂದು ಡಾಕ್ಟರು ಫೈಲಿನಲ್ಲಿ ಬರೆದಿದ್ದರು.

“ಇವಳಿಗೆ ಏನ್ ಕೇಳ್ಬೇಕೋ ನನ್ನನ್ನೇ ಕೇಳಮ್ಮ,” ಎಂದು ತಂಗಿ ಕುರ್ಚಿ ಎಳೆದುಕೊಂಡರು. “ಇವಳು ಬಾಯಿ ಬಿಟ್ರೆ ಬರೀ ಅಳತೆ ಹೇಳ್ತಾಳೆ.”

“ಪುಟ್ಟಿ, ಗಡ್ಡೆ ನಂದು. ಅದನ್ನೂ ನೀನೇ ಇಟ್ಕೋತೀಯಾ?”

“ಕೊಟ್ರೆ ಇಟ್ಕೋತಿದ್ದೆ. ಚಿಕ್ಕಂದಿನಲ್ಲಿ ಒಂದು ರಿಬ್ಬನ್ನೂ ಕೊಟ್ಟೋಳಲ್ಲ ನೀನು.”

ಐವತ್ತು ವರ್ಷದ ಪುಟ್ಟಿ! ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಫೈಲಿಗೆ ಮೊಹರು ಬಿದ್ದಿಲ್ಲವೆಂದು ನೋಂದಣಿಯ ಕಿಟಕಿಯಿಂದ ಯಾರೋ ಕೂಗಿದರು. ನಾನು ಹೇಳಲಾಗದ್ದನ್ನು ಒಂದು ಮೊಹರು ಮಾಡಿತು. ತಂಗಿ ಗೊಣಗುತ್ತ ಎದ್ದು ಹೋದರು.

ಈಗ ಕೇಳಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೆ. ಅಕ್ಕನೇ ನನ್ನ ರವಿಕೆ ತೋಳು ನೋಡುತ್ತ ಹೇಳಿದರು:

“ಯಾರಮ್ಮ ಹೊಲಿದಿದ್ದು? ಕಂಕುಳ ಹತ್ರ ಹಿಡಿಯುತ್ತಲ್ವಾ?”

“ಹೌದಮ್ಮ, ಸ್ವಲ್ಪ.”

“ನೀನು ಉಸಿರು ಬಿಗಿಹಿಡಿದಾಗ ಅಳತೆ ತಗೊಂಡಿದ್ದಾಳೆ ಮಹಾರಾಯ್ತಿ. ಟೇಪು ಹಾಕಿದ್ರೆ ಸಾಕು, ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ. ಆಗ ಬರ್ಕೋಬಾರ್ದು. ಅದೂ ಇದೂ ಮಾತಾಡಿಸ್ಬೇಕು. ಮಾತಿನ ಮಧ್ಯೆ ಮೈಮರೆತು ಉಸಿರು ಬಿಡ್ತಾರೆ ನೋಡು, ಆವಾಗ ಬರ್ಕೊಳ್ಳೋದು.”

ಡಿಗ್ರಿ ಕಾಲೇಜಿನಲ್ಲಿ ಮೂರು ವರ್ಷ ಮನಶ್ಶಾಸ್ತ್ರ ಓದಿದ್ದೇನೆ. ಇಷ್ಟು ಸಲೀಸಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಳೆಯನ್ನು ಪಕ್ಕಕ್ಕೆ ಸರಿಸಿ, “ಈಗ ಏನು ಹೊಲೀತಿದ್ದೀರಮ್ಮ?” ಎಂದೆ.

ಶಾಲೆಯ ಯೂನಿಫಾರಂ, ಮುನ್ನೂರು ಜೊತೆ. ಶಾಲೆ ತೆರೆಯಲು ಇನ್ನೂ ಎರಡೂವರೆ ತಿಂಗಳಿದೆ. ಎಂಟು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೇ ಸಲಕ್ಕೆ ಕತ್ತರಿಸುವುದು ಹೇಗೆಂದು ಅವರು ಮೇಜಿನ ಮೇಲೆ ಬಲಗೈ ಆಡಿಸಿ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಕತ್ತರಿ ಉಜ್ಜಿ ಉಜ್ಜಿ ಚರ್ಮ ಗಟ್ಟಿಯಾಗಿತ್ತು. ಕೈ ನಡುವೆಯೇ ನಿಂತಿತು.

“ಪಕ್ಕದ ಬೀದಿಯಲ್ಲಿ ಒಬ್ಬಳಿಗೆ ಇದೇ ಆಪರೇಷನ್ ಆಯ್ತು,” ಎಂದರು, ಬೇರೆ ಯಾರದೋ ಸುದ್ದಿಯ ಹಾಗೆ. “ಕೈ ಊದಿ ದಿಂಬಿನ ಹಾಗಾಗಿದೆ. ಒಂದು ಲೋಟ ಎತ್ತಕ್ಕೂ ಆಗಲ್ಲ. ಎಲ್ಲರಿಗೂ ಹಂಗೇ ಆಗುತ್ತಾ ಮರಿ?”

ಎಲ್ಲರಿಗೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಕೈ ಊದದಂತೆ ಕಲಿಸುವ ವ್ಯಾಯಾಮದ ಕೋಣೆ ಇದೇ ಮಹಡಿಯಲ್ಲಿದೆ ಎಂಬುದೂ ಗೊತ್ತಿತ್ತು. ನಾಲ್ಕು ಮುಟ್ಟಿದವರನ್ನು ಮೇಡಂ ಅಲ್ಲಿಗೂ ಕರೆದೊಯ್ಯುತ್ತಾರೆ. ಬಾಯಿ ತೆರೆದೆ. ಅದೇ ಹೊತ್ತಿಗೆ ಪುಟ್ಟಿ ಬಂದು ಧೊಪ್ಪನೆ ಕೂತರು.

“ಮುಗೀತಾ? ಏನಂದ್ಳು ಇವಳು?”

“ಇನ್ನೂ ಇಲ್ಲ,” ಎಂದು ಹಾಳೆ ಮುಂದಿಟ್ಟೆ. “ಸೊನ್ನೆಯಿಂದ ಹತ್ತರೊಳಗೆ, ಎಷ್ಟು ಸಂಕಟ ಆಗಿದೆ ಅಮ್ಮ?”

ಅಕ್ಕ ತಂಗಿಯ ಮುಖ ನೋಡಿದರು. ಬಲಗೈ ಮೇಜಿನಿಂದ ಮಡಿಲಿಗೆ ಇಳಿಯಿತು.

“ಸೊನ್ನೆ. ಸಂಕಟ ಪಡೋಕೆ ಪುರುಸೊತ್ತೆಲ್ಲಿದೆ?”

“ಕೇಳಿದ್ಯಾ? ಕಲ್ಲುಗುಂಡು ನಮ್ಮಕ್ಕ!”

ನಾನು ಸೊನ್ನೆಯ ಮೇಲೆ ಗುರುತು ಹಾಕಿದೆ. ಕೈ ತಾನಾಗಿ ಹಾಕಿತು ಎಂದು ಬರೆಯಲು ಮನಸ್ಸಾಗುತ್ತದೆ, ಅದು ಸುಳ್ಳು. ತಿಳಿದೇ ಹಾಕಿದೆ. ‘ನೀವು ಸ್ವಲ್ಪ’ ಎಂದು ಆರಂಭಿಸಬೇಕಾದ ವಾಕ್ಯಕ್ಕಿಂತ ಒಂದು ಸೊನ್ನೆ ಸುಲಭವಾಗಿತ್ತು. ಹಾಳೆಯ ಒಂದು ಪ್ರತಿ ಅವರಿಗೆ ಕೊಟ್ಟು, ಆಪರೇಷನ್ ತಾರೀಖು ಬರೆಸುವ ಕೌಂಟರಿಗೆ ಕಳಿಸಿದೆ.

ಮುಂದಿನವರು ಬಂದಿರಲಿಲ್ಲ. ಹತ್ತು ನಿಮಿಷ ಆ ಸೊನ್ನೆಯನ್ನೇ ನೋಡುತ್ತ ಕುಳಿತೆ. ಆಮೇಲೆ ಎದ್ದು ಕೌಂಟರಿನ ಕಡೆ ನಡೆದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಸುಮ್ಮನೆ ದೂರದಿಂದ ನೋಡಿ ಬರೋಣ ಎಂದುಕೊಂಡಿದ್ದೆ.

ಸಾಲಿನಲ್ಲಿ ಅವರ ಮುಂದೆ ಒಬ್ಬರೇ ಇದ್ದರು. ಅಕ್ಕತಂಗಿಯರ ನಡುವೆ ಜಗಳ ಹತ್ತಿಕೊಂಡಿತ್ತು.

“ಶಾಲೆ ಶುರುವಾದ ಮೇಲೆ ಮಾಡಿಸ್ಕೊಳ್ಳೋಣ ಅಂದೆ ಅಷ್ಟೇ. ಎಲ್ಲಿಗೂ ಓಡಿ ಹೋಗಲ್ಲ ಗಡ್ಡೆ.”

“ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳ್ಲಿಲ್ವೇನೇ? ಯೂನಿಫಾರಂ ಹಾಳಾಗ್ ಹೋಗ್ಲಿ, ವಾಪಸ್ ಕೊಟ್ಬಿಡೋಣ!”

“ಡಾಕ್ಟ್ರು ಎಲ್ಲರಿಗೂ ಹಂಗೇ ಹೇಳೋದು. ಇಲ್ಲಿ ನೋಡು,” ಎಂದು ಅಕ್ಕ ನಾನು ಕೊಟ್ಟ ಹಾಳೆಯನ್ನು ಬಿಡಿಸಿ ಹಿಡಿದರು. “ಆಸ್ಪತ್ರೆಯವರೇ ಬರ್ಕೊಟ್ಟಿದ್ದಾರೆ. ಸೊನ್ನೆ! ಅಷ್ಟು ಅವಸರದ್ದಾಗಿದ್ರೆ ನನಗೆ ಒಂಚೂರಾದ್ರೂ ಗಾಬರಿ ಆಗ್ಬೇಕಿತ್ತಲ್ವಾ?”

ತಂಗಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ದನಿ ತಗ್ಗಿತು. “ನಿಜವಾಗ್ಲೂ ಏನೂ ಅನ್ನಿಸ್ತಿಲ್ವಾ ಅಕ್ಕಾ?”

“ಇಲ್ಲ ಅಂದ್ನಲ್ಲ ಬಂಗಾರಿ.”

ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ನಾನೂ ನಂಬಿಬಿಡುತ್ತಿದ್ದೆ. ಪುಟ್ಟಿ ನಂಬುತ್ತಿದ್ದರು. ಮುಖದ ಬಿಗಿ ಸಡಿಲವಾಗುವುದು ಕಾಣಿಸುತ್ತಿತ್ತು. ಮುಂದಿದ್ದವರು ತಾರೀಖು ಬರೆಸಿಕೊಂಡು ಹೋದರು. ಕೌಂಟರಿನವಳು ತಲೆಯೆತ್ತದೆ, “ಯಾವ ತಾರೀಖು ಬರೀಲಿ?” ಎಂದಳು. ಅಷ್ಟರಲ್ಲಿ ಪುಟ್ಟಿ ನನ್ನನ್ನು ಕಂಡರು.

“ಬಾಮ್ಮ ಇಲ್ಲಿ! ನೀನೇ ಬರೆದೋಳಲ್ವಾ? ನೀನು ಹೇಳಿದ್ರೆ ಆಯ್ತು. ಇವಳಿಗೆ ಒಂದಿಷ್ಟೂ ಭಯ ಇಲ್ಲ ತಾನೇ? ತಿಂಗಳು ಎರಡು ತಿಂಗಳು ಮುಂದೆ ಹಾಕಿದ್ರೆ ಪರವಾಗಿಲ್ಲ ತಾನೇ?”

ಅಕ್ಕ ನನ್ನನ್ನೇ ನೋಡಿದರು. ಬೇಡ ಎನ್ನುತ್ತಿರಲಿಲ್ಲ ಆ ಕಣ್ಣು, ಹೇಳು ಎನ್ನುತ್ತಲೂ ಇರಲಿಲ್ಲ. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದವರೂ ನನ್ನ ಕಡೆ ತಿರುಗಿದ್ದರು. ಕೌಂಟರಿನವಳು ಪೆನ್ನು ಹಿಡಿದು ಕಾಯುತ್ತಿದ್ದಳು.

“ಆ ಸೊನ್ನೆ ನಿಜ ಅಲ್ಲಮ್ಮ,” ಎಂದೆ, ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. “ಬರೆಯುವಾಗಲೇ ನನಗೆ ಗೊತ್ತಿತ್ತು.”