ಸೌದೆ ಕೋಣೆಯ ಸುತ್ತಳತೆ

ಕಂಟ್ರಾಕ್ಟರ್ ಔಸೇಪ್ಪ್ ಚೇಟ್ಟ ನಮ್ಮ ಸೌದೆ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಂಚೆ ಮೇಲೆತ್ತಿ ಕಟ್ಟಿಕೊಂಡು ಬದಿಗೆ ಸರಿದರು.

"ಬಾ ಮಗಳೇ, ನಿನ್ನ ಗಾಡಿ ಇದ್ರೊಳಗೆ ತಿರುಗುತ್ತಾ ನೋಡು."

ಜಿಷಾ ಗಾಲಿಕುರ್ಚಿಯನ್ನು ಗೆರೆಯೊಳಗೆ ತಂದು ಒಂದು ಸುತ್ತು ತಿರುಗಿಸಿದಳು. ಚಕ್ರ ಗೆರೆ ಮುಟ್ಟಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಳು, ಅದು ಬರೀ ಖುಷಿಗೆ.

"ಸಾಕು ಸಾಕು, ಸಿಮೆಂಟ್ ಹಾಕೋ ಮುಂಚೆನೇ ನೆಲ ಸವೆಸಿಬಿಡ್ತೀಯ," ಎಂದರು ಚೇಟ್ಟ.

ಜಿಷಾ ನನ್ನ ಗಂಡನ ತಂಗಿ. ಬಸ್ಸಿನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವಳ ಸ್ನಾನವೆಲ್ಲ ಅತ್ತೆಯ ಮತ್ತು ನನ್ನ ಕೈಯಲ್ಲಿ. ಅಂಗಳದಾಚೆಯ ಬಚ್ಚಲಿಗೆ ಇಬ್ಬರೂ ಸೇರಿ ಎತ್ತಿಕೊಂಡು ಹೋಗಬೇಕಿತ್ತು. ಓಣಿಯ ಮಕ್ಕಳಿಗೆಲ್ಲ ಗದರಿಸಿ ಗದರಿಸಿ ಗಣಿತ ಕಲಿಸುವ ಹುಡುಗಿ, ನಾನು ನೀರು ಹೊಯ್ಯುವಾಗ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಅವಳು ನಮ್ಮನ್ನು ಕೇಳಿದ್ದು ಒಂದೇ: ಯಾರ ಕೈಯೂ ತಾಗದೆ, ಒಬ್ಬಳೇ ಸ್ನಾನ ಮಾಡಬೇಕು. ಸೌದೆ ಕೋಣೆಯನ್ನು ಬಚ್ಚಲು ಮಾಡುವ ಯೋಜನೆ ಹುಟ್ಟಿದ್ದು ಹಾಗೆ.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ವೇಲಾಯುಧ ಅಮ್ಮಾಮ ಬಂದರು. ಅತ್ತೆಯ ಅಣ್ಣ. ಅಂಚೆ ಕೆಲಸದಿಂದ ನಿವೃತ್ತರಾದ ಮೇಲೆ ಮನೆ ಅಳೆಯುವ ಶಾಸ್ತ್ರ ಹಿಡಿದಿದ್ದಾರೆ, ಅಥವಾ ಅದೇ ಅವರನ್ನು ಹಿಡಿದಿದೆ. ಜೇಬಿನಲ್ಲಿ ಟೇಪು ಇಲ್ಲದೆ ಮದುವೆ ಊಟಕ್ಕೂ ಹೋಗುವವರಲ್ಲ. ಗೆರೆಯ ಉದ್ದ ಅಗಲ ಅಳೆದರು, ಬೆರಳಲ್ಲಿ ಏನೋ ಗುಣಿಸಿದರು, ಮುಖ ಸಣ್ಣದು ಮಾಡಿಕೊಂಡರು.

"ತಂಗೀ, ಇದು ಮರಣಚುಟ್ಟು."

ನಮ್ಮ ಕಡೆ ಪ್ರತಿ ಕೋಣೆಯ ಒಳಸುತ್ತಳತೆಗೂ, ಅಂದರೆ ಚುಟ್ಟಿಗೂ, ಒಂದು ವಯಸ್ಸಿದೆ. ಬಾಲ್ಯ, ಕೌಮಾರ, ಯೌವನ, ಮುಪ್ಪು. ಎಲ್ಲದರ ಕೊನೆಗೆ ಮರಣ. ಆ ಕೊನೆಯ ಅಳತೆಯಲ್ಲಿ ಯಾರೂ ಗೋಡೆ ಎಬ್ಬಿಸುವುದಿಲ್ಲ.

"ಒಂದು ಗೇಣು ಹೆಚ್ಚೋ ಕಡಿಮೆಯೋ ಮಾಡಿಬಿಡಿ," ಎಂದರು ಅಮ್ಮಾಮ.

"ಕಡಿಮೆ ಮಾಡಿದ್ರೆ ಕುರ್ಚಿ ತಿರುಗಲ್ಲ. ಹೆಚ್ಚು ಮಾಡೋಣ ಅಂದ್ರೆ ಆಚೆ ಪಕ್ಕದವರ ಕಾಂಪೌಂಡು," ಎಂದು ಚೇಟ್ಟ ತಲೆ ಕೆರೆದುಕೊಂಡರು. "ನಮ್ಮ ಇಗರ್ಜಿಯಲ್ಲಿ ಈ ಲೆಕ್ಕ ಇಲ್ಲಪ್ಪ. ಆದ್ರೆ ಮನೆ ನಿಮ್ಮದು."

ಅತ್ತೆ ಬಾಗಿಲಿಗೆ ಒರಗಿ ನಿಂತುಬಿಟ್ಟಿದ್ದರು. "ಬೇಡ, ಕೆಲಸ ನಿಲ್ಲಿಸಿ. ಆಸ್ಪತ್ರೆಯ ವರಾಂಡದಲ್ಲಿ ಕೂತು ಕೂತು ಇವಳನ್ನ ಸಾವಿನ ಬಾಯಿಂದ ವಾಪಸ್ ಪಡೆದಿದೀನಿ. ಅದೇ ಹೆಸರಿನ ಕೋಣೆಯೊಳಗೆ ನಾನೇ ತಳ್ಳಲಾ? ನಾನಿರೋವರೆಗೂ ನಾನೇ ಎತ್ಕೊಂಡು ಹೋಗ್ತೀನಿ."

ಆ ಹೆದರಿಕೆಗೆ ಹೇಗೆ ನಗುವುದು? ಆದರೆ ಜಿಷಾ ಕುರ್ಚಿಯನ್ನು ಗೆರೆಯಿಂದಾಚೆ ತಿರುಗಿಸಿಕೊಂಡು ಹೊರಟಾಗ ನನಗೆ ಮೈ ಉರಿದುಹೋಯಿತು.

"ಅಮ್ಮಾಮ, ಟೇಪು ಮಡಚಬೇಡಿ. ಗೋಡೆಯ ಈಚೆ ಅಡುಗೆಮನೆ ಇದೆ, ಅದನ್ನೂ ಅಳೀರಿ!"

"ಅದ್ಯಾಕೆ ಈಗ?"

"ಶಾಸ್ತ್ರ ಅಂದ್ಮೇಲೆ ಎಲ್ಲರಿಗೂ ಒಂದೇ ತಾನೆ? ಅಳೀರಿ."

ನನ್ನ ಬಾಯಿಗೆ ಹೆದರಿ ಅಳೆದರು. ಒಮ್ಮೆ ಗುಣಿಸಿದರು, ಮತ್ತೆ ಗುಣಿಸಿದರು. ಆಮೇಲೆ ಕಿಟಕಿಯಾಚೆಯ ನುಗ್ಗೆ ಮರವನ್ನೇ ನೋಡುತ್ತಾ ನಿಂತರು.

"ಏನಣ್ಣಾ?" ಎಂದರು ಅತ್ತೆ.

"ಇದೂ... ಅದೇ ಚುಟ್ಟು."

ಅತ್ತೆ ಒಲೆ ನೋಡಿದರು, ಮಣ್ಣಿನ ಚಟ್ಟಿಯಲ್ಲಿ ಕುದಿಯುತ್ತಿದ್ದ ಮೀನು ಸಾರು ನೋಡಿದರು. "ಹಾಗಾದ್ರೆ ಮದುವೆಯಾಗಿ ಬಂದಾಗಿನಿಂದ ನಾನು ಸತ್ತೇ ಹೋಗಿದೀನಾ? ಪ್ರತಿ ಭಾನುವಾರ ಬಂದು ಸತ್ತವಳ ಕೈಯಡುಗೇನ ಬೆರಳು ಚೀಪಿ ಚೀಪಿ ತಿಂತೀಯಲ್ಲಣ್ಣಾ!"

ಚೇಟ್ಟ ಕೆಮ್ಮಿನ ನೆಪದಲ್ಲಿ ನಕ್ಕರು. ಜಿಷಾ ಬಾಗಿಲಲ್ಲೇ ಕುರ್ಚಿ ನಿಲ್ಲಿಸಿದಳು. ಅತ್ತೆ ಮಾತ್ರ ನಗಲಿಲ್ಲ. ನಡುಗೋಡೆಯ ಮೇಲೆ ಕೈಯಿಟ್ಟು ಯೋಚಿಸಿದರು.

"ಔಸೇಪ್ಪೇ, ಈ ಗೋಡೆ ಒಡೆದು ಅಡುಗೆಮನೆಯೊಳಕ್ಕೆ ಸರಿಸಿದ್ರೆ?"

"ಸರಿಸಬಹುದು. ಆದ್ರೆ ನಿಮ್ಮ ರುಬ್ಬುಗಲ್ಲಿನ ಮೂಲೆ ಹೋಗುತ್ತೆ."

"ಹೋಗಲಿ. ಮಿಕ್ಸಿ ಇದೆ. ಅಣ್ಣಾ, ಲೆಕ್ಕ ಹಾಕು. ಅವಳ ಕೋಣೆ ದೊಡ್ಡದಾಗುತ್ತೆ, ನಂದು ಚಿಕ್ಕದಾಗುತ್ತೆ. ಎರಡೂ ಆ ಚುಟ್ಟಿಂದ ಹೊರಗೆ ಬರುತ್ತೋ ಇಲ್ವೋ?"

ಅಮ್ಮಾಮ ಟೇಪು ಎಳೆದರು. ಪೂರ್ತಿ ಎಳೆಯಲಿಲ್ಲ, ನಾನು ನೋಡಿದೆ. ತಂಗಿಯ ಮುಖವನ್ನೊಮ್ಮೆ, ಜಿಷಾಳ ಮುಖವನ್ನೊಮ್ಮೆ ನೋಡಿ, ಬೆರಳು ಮಡಚುವ ಗೋಜಿಗೂ ಹೋಗದೆ, "ಬಚ್ಚಲಿಗೆ ಯೌವನ. ಅಡುಗೆಮನೆಗೆ ಬಾಲ್ಯ," ಎಂದು ಘೋಷಿಸಿದರು. ನಮ್ಮ ಗಣಿತದ ಟೀಚರಮ್ಮ ಜಿಷಾ ಕೂಡ ಲೆಕ್ಕ ತೋರಿಸಿ ಅನ್ನಲಿಲ್ಲ. ಆ ಮುದುಕನ ಬಗ್ಗೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಈ ವಯಸ್ಸಿಗೆ ನನಗೆ ಬಾಲ್ಯ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಮೀನು ಸಾರು ಮರಗೆಣಸು ಬಡಿಸಿದರು.

ಕೆಲಸ ಚೇಟ್ಟ ಹೇಳಿದ್ದಕ್ಕಿಂತ ತಡವಾಗಿಯೇ ಮುಗಿಯಿತು. ಹಾಗಾಗದಿದ್ದರೆ ಅವರು ಕಂಟ್ರಾಕ್ಟರೇ ಅಲ್ಲ. ಮನೆಯೆಲ್ಲ ಕೆಂಪು ಧೂಳು, ಅನ್ನದಲ್ಲೂ ಧೂಳು. ಬಚ್ಚಲ ಗೋಡೆಯ ಹಿಡಿಕೆಯನ್ನು ತಪ್ಪು ಎತ್ತರದಲ್ಲಿ ಕೂರಿಸಿದ್ದಕ್ಕೆ ಜಿಷಾ ಅವರನ್ನು ಓಣಿಯ ಹುಡುಗರ ಹಾಗೆಯೇ ಗದರಿಸಿದಳು. ಅವರು ಕಿತ್ತು ಮತ್ತೆ ಕೂರಿಸಿದರು.

ಮೊದಲ ಸ್ನಾನದ ದಿನ ಜಿಷಾ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅತ್ತೆ ಟವೆಲು ಹಿಡಿದು ಹೊರಗೆ ನಿಂತರು. ನೀರಿನ ಸದ್ದು ಬಂತು. ಏನೋ ಬಿದ್ದ ಸದ್ದೂ ಬಂತು.

"ಏನಾಯ್ತೇ? ಬಾಗಿಲು ತೆಗಿ!"

"ಸೋಪು ಬಿತ್ತಮ್ಮ. ನಾನೇ ತಗೊಂಡೆ."

"ಬೆನ್ನು ಉಜ್ಜಿಕೊಡಲಾ?"

"ಬೇಡ."

"ಒಂಚೂರು ತೆಗಿ, ನೋಡಿ ಹೋಗ್ತೀನಿ."

"ಅಮ್ಮಾ, ನಾನು ಸ್ನಾನ ಮಾಡ್ತಿದೀನಿ! ಹೋಗಿ ಆಕಡೆ!"

ಅತ್ತೆ ನನ್ನ ಕಡೆ ತಿರುಗಿದರು. ಕೆನ್ನೆಯೆಲ್ಲ ಒದ್ದೆ, ಬಾಯಿ ತುಂಬ ನಗು.

"ಕೇಳಿದ್ಯಾ? ನನ್ನ ಮಗಳು ನನ್ನನ್ನ ಓಡಿಸ್ತಿದಾಳೆ."