ಅಜ್ಜನನ್ನು ಕೂಗದ ಗುಡ್ಡ

ಪೊದೆ ಅಲ್ಲಾಡಿತು, ಗಾಳಿಯಿಲ್ಲ, ಗುಡ್ಡದ ಅರ್ಧಕ್ಕೆ ಆ ಒಂದು ಸೀತಾಫಲದ ಪೊದೆ ಮಾತ್ರ — ಅವ್ವನೇ ಇರಬೇಕು, ಬೆಳಕು ಹರಿಯುವ ಮುಂಚೆಯೇ ಚೀಲ ಹಿಡಿದು ಹತ್ತಿದ್ದಾಳೆ, ಇಲ್ಲಾ ಅದು, ಅದರ ಹೆಸರು ಹೇಳಬಾರದು, ಕರಡಿ ಅನಬ್ಯಾಡಲೇ, ಅಜ್ಜ ಅನ್ನು, ಎಂದು ಅವ್ವ ಗದರುತ್ತಿದ್ದಳು. ಹಣ್ಣನ್ನು ಹರಪನಹಳ್ಳಿ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಲು ಮಗ ಗವಿಸಿದ್ದೇಶ ಗುಡ್ಡದ ಬುಡದಲ್ಲಿ ಬೈಕಿನ ಮೇಲೆ ಕಾಯುತ್ತಿದ್ದಾನೆ, ಅಷ್ಟರಲ್ಲಿ ಎದುರಿನ ಬಂಡೆಗೆ ಬಂದು ವಕ್ಕರಿಸಿದ್ದಾನೆ ಗುರುಬಸವರಾಜ, ಮೈಮೇಲೆ ಖಾಕಿ, ಕೈಯಲ್ಲಿ ಮೊಬೈಲು, ಇವನೂ ಒಂದು ಕಾಲಕ್ಕೆ ಅವ್ವನ ಹಿಂದೆ ಹಣ್ಣು ಆರಿಸಿದವನೇ, ಗುಡ್ಡ ಕರಡಿಧಾಮ ಆದಮೇಲೆ ಅರಣ್ಯ ಇಲಾಖೆಯ ವಾಚರ್, ಈಗ ಹಣ್ಣು ಮುಟ್ಟಿದರೆ ಕೇಸು. ಏನಪಾ ಗವಿ, ಮುಂಜಾನೆದ್ದು ಯಾರನ್ನ ಕಾಯಾಕತ್ತಿ, ಯಾರ್ನೂ ಇಲ್ಲಣ್ಣ, ಪೆಟ್ರೋಲ್ ಮುಗದೈತಿ, ಹೌದಾ, ಹಂಪಮ್ಮತ್ತಿ ಮನ್ಯಾಗ ಅದಾಳೇನು, ಅದಾಳ, ಮೈಯಾಗ ಹುಷಾರಿಲ್ಲ — ಅವ್ವನಿಗೆ ಅತ್ತೆ ಅಂತೆ, ನಕ್ಕನೇಕೆ, ಯಾರೋ ಹೇಳಿರಬೇಕು, ಗೊತ್ತಿದ್ದೇ ಕೂತಿದ್ದಾನೆ, ಅವಳು ಇಳಿದು ಬರಲಿ, ಚೀಲದ ಸಮೇತ ಹಿಡಿಯೋಣವೆಂದು, ಆ ಮೊಬೈಲಿನಲ್ಲಿ ನನ್ನ ಫೋಟೊ ತೆಗೆಯುತ್ತಿಲ್ಲವೆಂದು ಯಾವ ಗ್ಯಾರಂಟಿ.

ಮತ್ತೆ ಅಲ್ಲಾಡಿತು, ಕರಡಿಧಾಮ ಆಗುವ ಮುಂಚೆ ಇಡೀ ಓಣಿ ಕೂಗುತ್ತ ಹತ್ತುತ್ತಿತ್ತು, ಅಜ್ಜಾ ಬರಾಕತ್ತೇವಿ, ದಾರಿ ಬಿಡಪ್ಪಾ, ಹೆಂಗಸರು ಬುಟ್ಟಿ ಬಡಿಯುತ್ತಿದ್ದರು, ಅದು ಕೇಳಿಸಿಕೊಂಡು ತನ್ನ ಪಾಡಿಗೆ ಆಚೆ ಇಳಿಯುತ್ತಿತ್ತು, ನೆತ್ತಿಯ ಬಂಡೆಯಾಚೆಯ ಹಣ್ಣು ಅದರದ್ದೇ, ಯಾರೂ ಮುಟ್ಟುತ್ತಿರಲಿಲ್ಲ, ಈಗ ಕಳ್ಳರ ಹಾಗೆ ಬಾಯಿ ಮುಚ್ಚಿಕೊಂಡು ನುಗ್ಗುತ್ತೇವೆ, ವಾಚರಿಗೆ ಕೇಳಬಾರದೆಂದು, ಅಜ್ಜನಿಗೂ ಕೇಳುವುದಿಲ್ಲ, ಹೋದ ವರ್ಷ ಓಣಿಯ ಪಕ್ಕೀರಮ್ಮ ಹಾಗೆಯೇ ಅಜ್ಜನಿಗೆ ಎದುರುಬದುರು ಸಿಕ್ಕು — ಅರ್ಧ ಮುಖವೇ ಉಳಿಯಿತು, ಇತ್ತೀಚೆಗೆ ಕರಡಿಗಳ ಸ್ವಭಾವವೇ ಕೆಟ್ಟಿದೆ ಅಂದರು ಆಸ್ಪತ್ರೆಗೆ ಬಂದ ಇಲಾಖೆಯ ಸಾಹೇಬರು, ಯಾರ ಸ್ವಭಾವ ಕೆಟ್ಟಿದೆ, ಕರಡಿಯದೋ, ಕರಡಿಧಾಮದ ಬೋರ್ಡು ನೆಟ್ಟವರದೋ — ಈಗ ಅಲ್ಲಾಡುವುದು ಎರಡು ಪೊದೆ, ಮೇಲಿನದೊಂದು ಕೆಳಗಿನದೊಂದು, ಮೇಲಿನ ಅಲುಗಾಟ ಒಂದೊಂದೇ ಪೊದೆ ದಾಟಿ ಕೆಳಗಿಳಿಯುತ್ತಿದೆ. ಕೂಗಿದರೆ ಅವ್ವ ಸಿಕ್ಕಿಬೀಳುತ್ತಾಳೆ, ಹೋದ ಸಲ ಇನ್ನು ಗುಡ್ಡ ಹತ್ತುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟಿದ್ದಾರೆ, ಈ ಸಲ ಜೈಲು, ಕೂಗದಿದ್ದರೆ, ಕೂಗದಿದ್ದರೆ — ಗುರುಬಸವರಾಜನೂ ಅತ್ತಲೇ ನೋಡುತ್ತಿದ್ದಾನೆ, ನಾನು ಬಾಯಿ ತೆರೆಯಲೆಂದೇ ಕಾಯುತ್ತಿದ್ದಾನೆ.

ಅಜ್ಜಾ ಬರಾಕತ್ತೇವಿ, ದಾರಿ ಬಿಡಪ್ಪಾ, ಗವಿಸಿದ್ದೇಶ ಗಂಟಲು ಹರಿಯುವ ಹಾಗೆ ಕೂಗಿಬಿಟ್ಟ, ವಾಚರ್ ಎದ್ದು ನಿಂತ, ಎರಡೂ ಪೊದೆ ಸುಮ್ಮನಾದವು. ಅವ್ವ ಓ ಅನ್ನಲಿಲ್ಲ, ಅನ್ನುವುದೂ ಇಲ್ಲ, ಖಾಕಿ ಬಂದಿದೆಯೆಂದು ಉಸಿರು ಬಿಗಿಹಿಡಿದು ಕೂತಿರುತ್ತಾಳೆ, ಅಜ್ಜನೂ ಈ ಕೂಗು ಕೇಳಿ ವರ್ಷಗಳಾದವು, ಗುರುತು ಸಿಕ್ಕಿತೋ ಇಲ್ಲವೋ, ಮೇಲಿನ ಪೊದೆ, ಕೆಳಗಿನ ಪೊದೆ, ಒಂದು ಎಲೆಯೂ ಅಲುಗುತ್ತಿಲ್ಲ