ಅರ್ಥ ಹೇಳುವವರು

ಶ್ರಾವಣದ ಎರಡನೇ ಸೋಮವಾರ ಗಂಗಾಶ್ರೀಯನ್ನು ಪುರಾಣದ ಮಣೆಯಿಂದ ಎಬ್ಬಿಸಿ, ಅವಳ ಜಾಗದಲ್ಲಿ ಊರ ಹುಡುಗ ಮಹಾಂತೇಶನನ್ನು ಕೂರಿಸಿದರು.

ಊರ ಬಸವಣ್ಣನ ಗುಡಿಯಲ್ಲಿ ಪುರಾಣ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದಿ ನಿಲ್ಲಿಸಿದರೆ, ಇನ್ನೊಬ್ಬರು ಅದನ್ನು ಜನರ ಮಾತಿಗೆ ಇಳಿಸಬೇಕು. ಗಂಗಾಶ್ರೀ ಸೊರಬದಿಂದ ಸೊಸೆಯಾಗಿ ಬಂದಾಗಿನಿಂದ ಓದು ಅವಳದು, ಅರ್ಥ ಅತ್ತೆ ರಾಜೇಶ್ವರಮ್ಮನವರದು.

ಅವಳ ತಪ್ಪು ಇಷ್ಟೆ: ಶಿಕಾರಿಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ದೂರದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ತರಗತಿಗೆ ಸೇರಿ, ಯಹೂದಿಗಳ ಪುರಾತನ ಗ್ರಂಥವನ್ನು ಹೀಬ್ರೂ ಭಾಷೆಯಲ್ಲೇ ಓದತೊಡಗಿದ್ದಳು.

ಮೊದಮೊದಲು ರಾಜೇಶ್ವರಮ್ಮನವರಿಗೂ ಅನುಮಾನವಿತ್ತು. "ಏನೇ ಗಂಗಾ, ಲಿಂಗ ಬಿಡ್ತೀಯೇನೇ?"

"ನಿಮ್ ಮಗನ್ನೇ ಬಿಟ್ಟಿಲ್ಲ ಅತ್ತೆ, ಲಿಂಗ ಬಿಡ್ತೀನಾ?"

ಆಮೇಲೆ ಅವರೂ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲೇ ಕೂರತೊಡಗಿದರು. ಸೊಸೆಯ ಬೆರಳು ಬಲದಿಂದ ಎಡಕ್ಕೆ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಒಂದೊಂದೇ ಅಕ್ಷರ ದಾಟುತ್ತಿತ್ತು. ಒಂದು ಸಾಲಿಗೆ ಒಂದು ಸಂಜೆ ಹೋದರೂ ಅವಳಿಗೆ ಬೇಸರವಿಲ್ಲ. ಈ ತಾಳ್ಮೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೂ ಬರಲಿಲ್ಲವಲ್ಲ ಅನ್ನಿಸಿ ರಾಜೇಶ್ವರಮ್ಮನವರಿಗೆ ನಗು ಬರುತ್ತಿತ್ತು.

"ಅತ್ತೆ, ಇಲ್ಲಿ ಜಗತ್ತು ಹುಟ್ಟಿದ ಕಥೆ ಎರಡು ಸಲ ಬರ್ತದೆ. ಒಂದಕ್ಕೊಂದು ತಾಳೆನೇ ಇಲ್ಲ."

"ಮತ್ತೆ ಒಂದನ್ನ ಹೊಡೆದು ಹಾಕ್ಲಿಲ್ಲೇನು?"

"ಇಲ್ಲ. ಎರಡನ್ನೂ ಇಟ್ಕಂಡಿದಾರೆ. ಯಾಕೆ ಅಂತ ಹುಡುಕೋದೇ ನಮ್ ಓದು."

"ಎದೆಗಾರರು ಬಿಡು," ಅಂದಿದ್ದರು ರಾಜೇಶ್ವರಮ್ಮ. ಆವತ್ತಿನಿಂದ ಸೊಸೆ ಓದಿಗೆ ಕೂತಾಗ ಟೀವಿ ಹಚ್ಚುವುದನ್ನೇ ಬಿಟ್ಟರು.

ಈಗ ಗುಡಿಯಲ್ಲಿ ಹಿರಿಯ ಉಜ್ಜಪ್ಪ ತೀರ್ಪು ಕೊಟ್ಟಂತೆ ಹೇಳಿದ: "ಲಿಂಗ ಮುಟ್ಟಿ ಆಣೆ ಮಾಡ್ಲಿ, ಆ ಓದು ಬಿಟ್ಟೆ ಅಂತ. ನಾಳೇನೇ ಮಣೆ ಕೊಡ್ತೀವಿ."

"ಇದನ್ನೂ ಬಿಡಲ್ಲ, ಅದನ್ನೂ ಬಿಡಲ್ಲ ಉಜ್ಜಪ್ಪಾರೆ," ಎಂದ ಗಂಗಾಶ್ರೀ ಹೆಂಗಸರ ಸಾಲಿನ ಕೊನೆಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ಸೊರಬದ ಸೊಕ್ಕು ನೋಡ್ರೋ," ಅಂದ ಯಾರೋ ಒಬ್ಬ.

ಮಹಾಂತೇಶ ತಡವರಿಸುತ್ತ ಒಂದು ಪದ್ಯ ಓದಿ ನಿಲ್ಲಿಸಿದ. ಜನರೆಲ್ಲ ರಾಜೇಶ್ವರಮ್ಮನವರ ಕಡೆ ತಿರುಗಿದರು.

"ಅರ್ಥ ಹೇಳ್ರೀ ಅಮ್ಮಾರೆ," ಅಂದ ಉಜ್ಜಪ್ಪ.

"ಓದೋರು ಬರ್ಲಿ, ಹೇಳ್ತೀನಿ."

"ಓದಿದ್ದಾಯ್ತಲ್ರೀ!"

ರಾಜೇಶ್ವರಮ್ಮ ಮೊಣಕಾಲಿನ ಮೇಲೆ ಕೈ ಕಟ್ಟಿಕೊಂಡರು. ಮಹಾಂತೇಶ ಗಂಟಲು ಸರಿಮಾಡಿಕೊಂಡು ಅದೇ ಪದ್ಯವನ್ನು ಮತ್ತೆ ಓದಿದ. ನಿಲ್ಲಿಸಿದ. ತಲೆಯ ಮೇಲೆ ಫ್ಯಾನು ಕಿರುಗುಡುತ್ತ ತಿರುಗುತ್ತಿತ್ತು. ರಾಜೇಶ್ವರಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ ಕೂತ ಸೊಸೆಯನ್ನೇ ನೋಡುತ್ತ, ಕಟ್ಟಿದ ಕೈ ಬಿಡದೆ ಕೂತಿದ್ದರು.